ಓಲೆಗರಿಗೆ ಕ್ಯಾಮೆರಾ: ಮೆಗಾಪಿಕ್ಸೆಲ್ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಓಲೆಗರಿಗಳ ಡಿಜಿಟಲೀಕರಣಕ್ಕೆ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ (35 ಮಿ.ಮೀ. ಫಿಲ್ಮ್ ಚೌಕಟ್ಟಿಗಿಂತ ದೊಡ್ಡ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಇರುವಂಥದ್ದು) ಕೊಳ್ಳಲು ಹೊರಟಿರುವ ಮಠ, ಗ್ರಂಥಾಲಯ, ವಿಶ್ವವಿದ್ಯಾಲಯಗಳಲ್ಲಿ ಒಂದು ವಿನಂತಿ. ಟೆಂಡರಿನಲ್ಲಿ ‘100 ಮೆಗಾಪಿಕ್ಸೆಲ್’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಗರಿಯ ಮೇಲೆ ಅಂಗುಲಕ್ಕೆ ಎಷ್ಟು ಪಿಕ್ಸೆಲ್ ಬೀಳಬೇಕು ಎಂಬುದನ್ನು ಬರೆಯಿರಿ.

ಕಂಟದಿಂದ (ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿ) ಕೊರೆದ 0.2 ಮಿ.ಮೀ. ಅಗಲದ ಗೆರೆಗೆ, ಅಂಗುಲಕ್ಕೆ 600 ಪಿಕ್ಸೆಲ್ ಇದ್ದರೆ ಹೆಚ್ಚುಕಡಿಮೆ ಐದು ಪಿಕ್ಸೆಲ್ ಸಿಗುತ್ತವೆ. 300 ಇದ್ದರೆ ಎರಡು ಚಿಲ್ಲರೆ. ದಕಾರ ಧಕಾರಗಳನ್ನು ಬೇರ್ಪಡಿಸುವ ಪುಟ್ಟ ಸೀಳು ಮಾಯವಾಗುವುದು ಅಲ್ಲೇ. 102 ಮೆಗಾಪಿಕ್ಸೆಲ್ ಸೆನ್ಸರಿನ ಚಿತ್ರ 11,648 × 8,736 ಪಿಕ್ಸೆಲ್‌ಗಳದ್ದು. 600ರ ಲೆಕ್ಕದಲ್ಲಿ ಅದು 49 × 37 ಸೆಂ.ಮೀ. ಜಾಗವನ್ನು ಹಿಡಿಯುತ್ತದೆ. 45 ಸೆಂ.ಮೀ. ಉದ್ದದ ಗರಿ ಒಂದೇ ಚಿತ್ರದಲ್ಲಿ ಮುಗಿಯುತ್ತದೆ, ಅಂಥ ಆರೇಳು ಗರಿಗಳನ್ನು ಒಟ್ಟಿಗೆ ಸಾಲಾಗಿ ಇಡಲೂಬಹುದು. 61 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮ್ ಚೌಕಟ್ಟಿನಷ್ಟೇ ಸೆನ್ಸರ್ ಇರುವ) ಕ್ಯಾಮೆರಾಕ್ಕೆ ದಕ್ಕುವುದು 40 × 27 ಸೆಂ.ಮೀ. ಮಾತ್ರ. ನಿಮ್ಮ ಕಟ್ಟುಗಳಲ್ಲಿ ಗಿಡ್ಡ ಗರಿಗಳೇ ಹೆಚ್ಚಿದ್ದರೆ ಅದೇ ಸಾಕು. ದುಬಾರಿ ಕ್ಯಾಮೆರಾ ಬೇಕಿಲ್ಲ. ಎರಡರಲ್ಲೂ ಒಂದೊಂದು ಪಿಕ್ಸೆಲ್‌ನ ಅಳತೆ ಒಂದೇ, 3.76 ಮೈಕ್ರಾನ್. ಮೀಡಿಯಂ ಫಾರ್ಮ್ಯಾಟಿನಲ್ಲಿ ಪಿಕ್ಸೆಲ್ ದೊಡ್ಡದು ಎಂಬ ಮಾರಾಟಗಾರರ ಮಾತು ಇಲ್ಲಿ ನಿಜವಲ್ಲ. ಇಲ್ಲಿ ಹೆಚ್ಚಿರುವುದು ಪಿಕ್ಸೆಲ್‌ಗಳ ಸಂಖ್ಯೆ.

ಕಣ್ಣಿಟ್ಟು ನೋಡುವ ಪುಟ್ಟ ಪರದೆ, ವ್ಯೂಫೈಂಡರಿನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಜಾಹೀರಾತಿನಲ್ಲಿ ಬರುವುದು ಚುಕ್ಕಿಗಳ ಲೆಕ್ಕ. ಕೆಂಪು, ಹಸಿರು, ನೀಲಿ ಮೂರು ಚುಕ್ಕಿ ಸೇರಿದರೆ ಒಂದು ಪಿಕ್ಸೆಲ್. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100ಎಸ್‌ನ 36.9 ಲಕ್ಷ ಚುಕ್ಕಿ ಎಂದರೆ ಬರೀ 1,280 × 960 ಪಿಕ್ಸೆಲ್. ಅದರ ಒಂದು ಪಿಕ್ಸೆಲ್ ಸೆನ್ಸರಿನ 80ಕ್ಕೂ ಹೆಚ್ಚು ಪಿಕ್ಸೆಲ್‌ಗಳ ಪರವಾಗಿ ನಿಂತಿರುತ್ತದೆ. 2023ರ ಜಿಎಫ್‌ಎಕ್ಸ್ 100-2ರಲ್ಲಿ 94.4 ಲಕ್ಷ ಚುಕ್ಕಿಗಳಿವೆ. ಅಲ್ಲೂ ಒಂದಕ್ಕೆ 32. ಹಾಗಾಗಿ ಇಡೀ ಗರಿಯನ್ನು ವ್ಯೂಫೈಂಡರಿನಲ್ಲಿ ನೋಡಿ ‘ಫೋಕಸ್ ಸರಿಯಾಗಿದೆ’ ಎಂದು ಯಾರೂ ಹೇಳಲಾರರು. ಅಂಚಿಗೆ ಬಣ್ಣ ಬಳಿದು ತೋರಿಸುವ ಪೀಕಿಂಗ್ ಸೌಲಭ್ಯವನ್ನೂ ನಂಬಬೇಡಿ. ಮಸಿ ತುಂಬಿದ ಅಕ್ಷರಗಳು ಕಡುಕಪ್ಪಾಗಿರುವುದರಿಂದ ಫೋಕಸ್ ಕೊಂಚ ತಪ್ಪಿದ್ದರೂ ಬಣ್ಣ ಹೊಳೆಯುತ್ತಲೇ ಇರುತ್ತದೆ. ಚಿತ್ರ ತೆಗೆಯುವ ಅಪರ್ಚರಿನಲ್ಲೇ (ಲೆನ್ಸಿನ ಕಿಂಡಿಯ ಅಳತೆ) ಇಟ್ಟು, ನೋಟವನ್ನು ಶೇ 100ಕ್ಕೆ ಹಿಗ್ಗಿಸಿ, ಗರಿಯ ನಡುವೆ ಒಮ್ಮೆ, ಎರಡೂ ತುದಿಗಳಲ್ಲಿ ಒಮ್ಮೊಮ್ಮೆ ನೋಡಬೇಕು. ಕೇಬಲ್ ಹಾಕಿ ದೊಡ್ಡ ಮಾನಿಟರಿನಲ್ಲಿ ನೋಡುವುದು ಇನ್ನೂ ಒಳ್ಳೆಯದು.

ಗರಿ ಡೊಂಕಾಗಿರುವುದು ಸಾಮಾನ್ಯ. ಮೇಲಿನ ಅಳತೆಯಲ್ಲಿ ಅಪರ್ಚರನ್ನು ಎಫ್/8 ಇಟ್ಟರೆ ಪಿಕ್ಸೆಲ್ ಮಟ್ಟದಲ್ಲಿ ಸ್ಪಷ್ಟವಾಗಿರುವ ಆಳ ಸುಮಾರು 8 ಮಿ.ಮೀ. ಮಾತ್ರ. ಆಳ ಬೇಕೆಂದು ಕಿಂಡಿಯನ್ನು ಎಫ್/16ಕ್ಕೆ ಕಿರಿದಾಗಿಸಿದರೆ ಬೆಳಕಿನ ವಿವರ್ತನೆಯಿಂದ ಒಂದು ಬಿಂದು ಐದಾರು ಪಿಕ್ಸೆಲ್‌ಗಳಿಗೆ ಹರಡುತ್ತದೆ, ಹಣ ಕೊಟ್ಟು ತಂದ ಸ್ಪಷ್ಟತೆ ಅಲ್ಲೇ ಹೋಯಿತು. ಎಫ್/8, ಹೆಚ್ಚೆಂದರೆ ಎಫ್/11. ಡೊಂಕು ಗರಿಯನ್ನು ಒತ್ತಿ ಸಪಾಟು ಮಾಡಲು ಹೋಗಬೇಡಿ, ಸೀಳುತ್ತದೆ. ಫೋಕಸ್ ಬದಲಿಸಿ ಎರಡು ಮೂರು ಚಿತ್ರ ತೆಗೆದು ಜೋಡಿಸಿ.

ಸೆನ್ಸರ್ ಗರಿಗೆ ಸಮಾನಾಂತರವಾಗಿದೆಯೇ ಎಂದು ತಿಳಿಯಲು ಹಲಗೆಯ ಮೇಲೆ ಒಂದು ಕನ್ನಡಿ ಇಡಿ. ಅದರಲ್ಲಿ ಕಾಣುವ ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬಂದರೆ ಸರಿ. ಸ್ಟ್ಯಾಂಡಿನ ಎತ್ತರವನ್ನೂ ಮೊದಲೇ ಲೆಕ್ಕ ಹಾಕಿ. ಇಷ್ಟು ಜಾಗ ಹಿಡಿಯಲು 120 ಮಿ.ಮೀ. ಮ್ಯಾಕ್ರೋ ಲೆನ್ಸಿಗೆ ಗರಿಯಿಂದ ಸುಮಾರು ಒಂದೂವರೆ ಮೀಟರ್ ದೂರ ಬೇಕು, 63 ಮಿ.ಮೀ. ಲೆನ್ಸಿಗೆ ಮುಕ್ಕಾಲು ಮೀಟರ್.

ಎಲೆಕ್ಟ್ರಾನಿಕ್ ಶಟರಿನಲ್ಲಿ ಅಲುಗಾಟವೇನೋ ಇಲ್ಲ. ಆದರೆ ಇಷ್ಟು ದೊಡ್ಡ ಸೆನ್ಸರನ್ನು ಸಾಲುಸಾಲಾಗಿ ಓದಿ ಮುಗಿಸುವುದು ನಿಧಾನ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/60 ಅಥವಾ 1/125 ಸೆಕೆಂಡ್ ಇಟ್ಟರೆ ಚಿತ್ರದ ಮೇಲೆ ಅಡ್ಡಪಟ್ಟೆಗಳು ಬೀಳುತ್ತವೆ. 1/50, 1/25, 1/10 ಇಟ್ಟರೆ ಪ್ರತಿ ಸಾಲಿಗೂ ಪೂರ್ಣ ಮಿನುಗುಗಳೇ ಸಿಗುವುದರಿಂದ ಪಟ್ಟೆ ಹೋಗುತ್ತದೆ. ಫ್ಲ್ಯಾಶ್ ಬಳಸುವವರು ವ್ಯೂಫೈಂಡರಿನ ಎಕ್ಸ್‌ಪೋಷರ್ ಮುನ್ನೋಟವನ್ನು (ಚಿತ್ರ ಎಷ್ಟು ಬೆಳಕಾಗಿ ಬರುತ್ತದೆಂದು ಮೊದಲೇ ತೋರಿಸುವ ಸೌಲಭ್ಯ) ಆಫ್ ಮಾಡಿಬಿಡಬೇಕು. ಇಲ್ಲದಿದ್ದರೆ ಕಾಣುವುದು ಕತ್ತಲೆ ಮಾತ್ರ. ವ್ಯೂಫೈಂಡರಿನ ಹೊಳಪು ‘ಆಟೋ’ದಲ್ಲಿದ್ದರೆ ನಸುಗತ್ತಲ ಕೋಣೆಯಲ್ಲಿ ಕಣ್ಣು ಮೋಸ ಹೋಗುತ್ತದೆ. ಹೊಳಪನ್ನು ಒಂದೇ ಮಟ್ಟಕ್ಕೆ ಕಟ್ಟಿ, ಹಿಸ್ಟೋಗ್ರಾಮ್ (ಚಿತ್ರದ ಬೆಳಕು-ಕತ್ತಲೆಗಳ ಹಂಚಿಕೆ ತೋರಿಸುವ ನಕ್ಷೆ) ನೋಡಿ. ಅದು ಕೂಡ ಕ್ಯಾಮೆರಾ ಸಂಸ್ಕರಿಸಿದ ಜೆಪೆಗ್ ಚಿತ್ರದ್ದು, ಸಂಸ್ಕರಿಸದ ರಾ ಕಡತದ್ದಲ್ಲ ಎಂಬುದು ನೆನಪಿರಲಿ.

ಹಾರ್ಡ್ ಡಿಸ್ಕಿನ ಖರ್ಚನ್ನೂ ಅದೇ ಟೆಂಡರಿನಲ್ಲಿ ಸೇರಿಸಿ. ಕುಗ್ಗಿಸದ 16 ಬಿಟ್ ಟಿಫ್ ಕಡತ ಒಂದಕ್ಕೆ ಸುಮಾರು 610 ಎಂಬಿ. ಹತ್ತು ಸಾವಿರ ಚಿತ್ರಕ್ಕೆ ಆರು ಟಿಬಿ, ಎರಡನೆಯ ಪ್ರತಿಗೆ ಮತ್ತೆ ಆರು.

ಕ್ಯಾಮೆರಾ ಒಪ್ಪಿಸಿಕೊಳ್ಳುವ ದಿನ ಸರಬರಾಜುದಾರರ ಕೈಯಲ್ಲೇ ಒಂದು ಉಕ್ಕಿನ ಸ್ಕೇಲಿನ ಚಿತ್ರ ತೆಗೆಸಿ. ಅದರ 10 ಸೆಂ.ಮೀ. ನಡುವೆ 2,362 ಪಿಕ್ಸೆಲ್ ಇದ್ದರೆ ಅಂಗುಲಕ್ಕೆ 600 ಎಂದರ್ಥ. ಆಮೇಲೆ ಸ್ಕೇಲನ್ನು ನಾಲ್ಕೂ ಮೂಲೆಗಳಿಗೆ ಸರಿಸಿ ತೆಗೆಸಿ, ಗೆರೆಗಳು ನಡುವಿನಷ್ಟೇ ಚೂಪಾಗಿವೆಯೇ ನೋಡಿ, ನಂತರ ಬಿಲ್ಲಿಗೆ ಸಹಿ ಹಾಕಿ.

– ಹಸ್ತಪ್ರತಿ ಛಾಯಾಗ್ರಾಹಕರು, ಮೈಸೂರು