ಸಡಿಲ ನಿಯಮ ರಫ್ತಿಗೆ ಬಲವಲ್ಲ: ವಾಣಿಜ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಾಣಿಜ್ಯ ಸಚಿವರೇ,

ಪರಿಸರ ನಿಯಮಗಳನ್ನು ಬಿಗಿಗೊಳಿಸಿದರೆ ಕಾರ್ಖಾನೆಗಳು ಬೇರೆ ದೇಶದ ದಾರಿ ಹಿಡಿಯುತ್ತವೆ, ರಫ್ತು ಕುಸಿಯುತ್ತದೆ ಎಂಬ ಮಾತು ವ್ಯಾಪಾರ ಒಪ್ಪಂದಗಳ ಚರ್ಚೆ ನಡೆದಾಗಲೆಲ್ಲ ಕೇಳಿಬರುತ್ತದೆ. ಈ ಭಯಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. 2008ರಲ್ಲಿ ಅಮೆರಿಕವು ಗಾಳಿಯಲ್ಲಿರಬಹುದಾದ ಸೀಸದ ಮಿತಿಯನ್ನು ಘನ ಮೀಟರಿಗೆ 1.5 ಮೈಕ್ರೊಗ್ರಾಂನಿಂದ 0.15ಕ್ಕೆ ಇಳಿಸಿದ ಮೇಲೆ, ಅಲ್ಲಿನ ವಾಹನಗಳ ಹಳೆಯ ಬ್ಯಾಟರಿಗಳು ಸೀಸ ತೆಗೆಯುವುದಕ್ಕಾಗಿ, ನಿಯಮ ಸಡಿಲವಿದ್ದ ಮೆಕ್ಸಿಕೊಗೆ ಸಾಗುವುದು ಮತ್ತಷ್ಟು ಹೆಚ್ಚಿತು. ಬ್ಯಾಟರಿಯ ಪೆಟ್ಟಿಗೆ ಒಡೆದು, ಆಮ್ಲವನ್ನು ಬಸಿದು, ಸೀಸದ ಫಲಕಗಳನ್ನು ಕುಲುಮೆಯಲ್ಲಿ ಕರಗಿಸುವಾಗ ಏಳುವ ಧೂಳನ್ನು ಸರಿಯಾಗಿ ಹಿಡಿದಿಡದಿದ್ದರೆ ಅದು ಸುತ್ತಲಿನ ಮನೆಗಳ ಅಂಗಳಕ್ಕೆ ಬಂದು ಕೂರುತ್ತದೆ. ಆ ಮಣ್ಣಿನಲ್ಲಿ ಆಡಿದ ಕೈಯನ್ನೇ ಬಾಯಿಗಿಡುವ ಮಗುವಿನ ಮೆದುಳಿಗೆ ಆಗುವ ಹಾನಿಯನ್ನು ಆಮೇಲೆ ಯಾವ ಔಷಧಿಯೂ ಸರಿಪಡಿಸಲಾರದು. ನಿಯಮ ಸಡಿಲವಿದ್ದ ಕಡೆಗೆ ಬಂದದ್ದು ಬರೀ ಉದ್ಯಮವಲ್ಲ.

ಹಾಗೆಂದು ಎಲ್ಲ ಉದ್ಯಮಗಳ ಕಥೆಯೂ ಇದೇ ಅಲ್ಲ. ಬಹುತೇಕ ಕೈಗಾರಿಕೆಗಳಲ್ಲಿ ಮಾಲಿನ್ಯ ನಿಯಂತ್ರಣದ ವೆಚ್ಚವು ಕಚ್ಚಾವಸ್ತು, ವಿದ್ಯುತ್, ಕೂಲಿಗಳ ವೆಚ್ಚದ ಮುಂದೆ ಚಿಕ್ಕದು. 1991ರಲ್ಲಿ ಅರ್ಥಶಾಸ್ತ್ರಜ್ಞರಾದ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ಪರಿಶೀಲಿಸಿದಾಗಲೂ ಅಮೆರಿಕ-ಮೆಕ್ಸಿಕೊ ವ್ಯಾಪಾರದ ಸ್ವರೂಪದಲ್ಲಿ ಆ ವೆಚ್ಚದ ಪಾತ್ರ ಹೆಚ್ಚೇನೂ ಕಂಡುಬರಲಿಲ್ಲ.

ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ರಸಗೊಬ್ಬರಗಳ ಮಾತು ಬೇರೆ. ಅಲ್ಲಿ ಹೊರಬೀಳುವ ಇಂಗಾಲದ ಪ್ರಮಾಣವೇ ದೊಡ್ಡದು. ಆದರೆ ಸಡಿಲಿಕೆಯ ಲಾಭ ಅಲ್ಲಿಯೂ ಈಗ ಕೈಗೆ ಹತ್ತುವುದಿಲ್ಲ. 2023ರ ಅಕ್ಟೋಬರ್‌ನಿಂದ, ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲದ ವರದಿಯನ್ನಷ್ಟೇ ಕೇಳುತ್ತಿದ್ದ ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಶುಲ್ಕ ವ್ಯವಸ್ಥೆಯು 2026ರ ಜನವರಿ 1ರಿಂದ ಆಮದಾಗುವ ಇಂಥ ಸರಕುಗಳಿಗೆ ಹಣದ ಹೊಣೆಯನ್ನೂ ಹೊರಿಸಿದೆ. ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಅಷ್ಟನ್ನು ಅದು ಕಳೆದುಕೊಡುತ್ತದೆ. ಅಂದರೆ, ನಾವು ವಸೂಲಿ ಮಾಡದೆ ಬಿಟ್ಟ ಹಣ ಉದ್ಯಮಿಯ ಜೇಬಿನಲ್ಲೂ ಉಳಿಯದೆ ಪರದೇಶದ ಬೊಕ್ಕಸ ಸೇರುತ್ತದೆ. ಸಣ್ಣ ರಫ್ತುದಾರರಿಗೆ ಇದರ ಲೆಕ್ಕಪತ್ರವೇ ದೊಡ್ಡ ಹೊರೆ ಎಂಬ ತಕರಾರು ನ್ಯಾಯವಾದದ್ದು. ಅದನ್ನು ಮಾತುಕತೆಯ ಮೇಜಿನಲ್ಲಿ ಗಟ್ಟಿಯಾಗಿಯೇ ಎತ್ತಬೇಕು.

ಆದ್ದರಿಂದ ಹೂಡಿಕೆದಾರರಿಗೆ ಕೊಡುವ ರಿಯಾಯಿತಿಗಳ ಪಟ್ಟಿಯಿಂದ ಮಾಲಿನ್ಯ ನಿಯಮಗಳ ವಿನಾಯಿತಿಯನ್ನು ಕೈಬಿಡಿ. ಇಂಗಾಲಕ್ಕೆ ಇಲ್ಲಿಯೇ ಬೆಲೆ ಕಟ್ಟಿ, ಬಂದ ಹಣದಿಂದ ಸಣ್ಣ ಕಾರ್ಖಾನೆಗಳ ಚಿಮಣಿಗಳಿಗೆ ಅಳತೆಯ ಉಪಕರಣ ಹಾಕಿಸಿಕೊಡಿ. ಬಂದರಿಗೆ ಬರುವ ಹಳೆಯ ಬ್ಯಾಟರಿಗಳಿಗೆ ಅಪಾಯಕಾರಿ ತ್ಯಾಜ್ಯ ದೇಶದ ಗಡಿ ದಾಟುವುದನ್ನು ನಿಯಂತ್ರಿಸುವ 1989ರ ಬಾಸೆಲ್ ಒಪ್ಪಂದದಂತೆ ಲಿಖಿತ ಪೂರ್ವಸಮ್ಮತಿ ಇದೆಯೇ ಎಂದು ನೋಡಿದರೆ ಸಾಲದು. ಅವು ಕೊನೆಗೆ ತಲುಪುವ ಕುಲುಮೆಯ ಸುತ್ತಲಿನ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂಬುದನ್ನು ಪ್ರತಿವರ್ಷ ಪರೀಕ್ಷಿಸಿ ಪ್ರಕಟಿಸುವಂತೆ ಆದೇಶಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ನಾಗರಿಕ