ಹಳೆಯ ಸರ್ವರ್ ಆಫ್ ಮಾಡುವ ಮುನ್ನ

ನಮ್ಮ ಫೈಲುಗಳೆಲ್ಲ ಹೊಸ ಸರ್ವರ್‌ಗೆ ಬಂದು ಇಂದಿಗೆ ಮೂವತ್ತು ದಿನ. ‘ನನ್ನ ಫೈಲ್ ಕಾಣುತ್ತಿಲ್ಲ’ ಎಂಬ ಕರೆ ಬರದೆ ಎರಡು ವಾರವಾಯಿತು. ನಾಳೆ ಹಳೆಯ ಸರ್ವರನ್ನು ಆಫ್ ಮಾಡುತ್ತೇವೆ. ಅದಕ್ಕೂ ಮೊದಲು ಇಷ್ಟನ್ನು ಬರೆಯಲೇಬೇಕು.

ಈ ಕೆಲಸ ಎಷ್ಟು ಸಲ ಮುಂದೆ ಹೋಯಿತು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಹಳೆಯ ಯಂತ್ರದಲ್ಲಿದ್ದ ವಿಂಡೋಸ್ ಸರ್ವರ್ 2012ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿತ್ತು. ಅಲ್ಲಿಂದಾಚೆಗೆ ಆ ಯಂತ್ರದ ಮುಂದೆ ಹಾದುಹೋದಾಗಲೆಲ್ಲ ನನಗೆ ಎದೆ ಭಾರವಾಗುತ್ತಿತ್ತು. ವಿಂಡೋಸಿನ ವಾಡಿಕೆಯ ಮಿತಿಯಾದ 260 ಅಕ್ಷರ ಮೀರಿದ ಫೋಲ್ಡರ್ ದಾರಿಗಳನ್ನು ಕೂತು ಚಿಕ್ಕದು ಮಾಡಿಕೊಟ್ಟ ಲೆಕ್ಕಪತ್ರ ವಿಭಾಗದವರಿಗೆ, ರಾತ್ರಿಯಿಡೀ ಫೋನ್ ಎತ್ತಿದ ನೆಟ್‌ವರ್ಕ್ ತಂಡಕ್ಕೆ, ಎರಡು ದಿನ ಏನನ್ನೂ ಬದಲಿಸದೆ ಓದಿಕೊಂಡಷ್ಟೇ ಇದ್ದ ಎಲ್ಲ ಸಹೋದ್ಯೋಗಿಗಳಿಗೆ ಮನಸಾರೆ ವಂದನೆ.

ಇನ್ನು ಬ್ಯಾಕಪ್ ನೋಡಿಕೊಳ್ಳುವ ನಮ್ಮ ಮೇಡಂ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಶುಕ್ರವಾರ ಸಂಜೆ ಟೇಪಿಗೆ ಪೂರ್ಣ ಬ್ಯಾಕಪ್ ಆದಮೇಲೂ ಅವರು ನಕಲು ಶುರುಮಾಡಲು ಬಿಡಲಿಲ್ಲ. ‘ಬ್ಯಾಕಪ್ ಯಶಸ್ವಿ ಎಂದು ವರದಿ ಬಂದಿದೆಯಲ್ಲ’ ಎಂದು ನಾನು ವಾದಿಸಿದೆ. ‘ವರದಿ ಬಂದಿದೆ, ಫೈಲ್ ವಾಪಸ್ ಬರುತ್ತದೆಯೇ?’ ಎಂದು ಕೇಳಿ, ಒಂದಿಡೀ ಫೋಲ್ಡರನ್ನು ಟೇಪಿನಿಂದ ಹಿಂದಕ್ಕೆ ತೆಗೆದು, ತೆರೆದು ನೋಡಿದರು. ನನ್ನ ಅರ್ಧ ದಿನ ಹಾಳಾಯಿತೆಂದು ಆಗ ಸಿಟ್ಟು ಬಂದಿತ್ತು.

ಶನಿವಾರ ರಾತ್ರಿ ಕೊನೆಯ ಫೋಲ್ಡರ್ ಉಳಿದಿತ್ತು. ಫೈಲುಗಳನ್ನು ನಕಲು ಮಾಡುವ ರೋಬೋಕಾಪಿ ಎಂಬ ಸಾಧನದ ಆಜ್ಞೆಯಲ್ಲಿ ಮೂಲ ಯಾವುದು, ಗುರಿ ಯಾವುದು ಎಂಬುದನ್ನು ನಾನು ಅದಲು ಬದಲು ಬರೆದೆ. ಜೊತೆಗೆ ಮಿರರ್ ಆಯ್ಕೆ ಇತ್ತು. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲೂ ಉಳಿಸಬೇಡ ಎನ್ನುವುದೇ ಅದರ ಅರ್ಥ. ಹೊಸ ಫೋಲ್ಡರ್ ಖಾಲಿ, ಹಳೆಯದೂ ಖಾಲಿಯಾಗತೊಡಗಿತು. ಪರದೆಯ ಮೇಲೆ ಫೈಲ್ ಹೆಸರುಗಳು ಸರಿದು ಹೋಗುತ್ತಿದ್ದವು, ನನ್ನ ಬೆರಳು ಆಡಲಿಲ್ಲ. ಅವು ನನ್ನ ಫೈಲುಗಳಲ್ಲ. ಬೇರೆಯವರು ವರ್ಷಗಟ್ಟಲೆ ದುಡಿದದ್ದು.

ಮೇಡಂ ನನ್ನ ಭುಜದ ಮೇಲಿಂದ ಕೈ ಚಾಚಿ ಅದನ್ನು ನಿಲ್ಲಿಸಿದರು. ‘ಮೊದಲು ನೀರು ಕುಡಿಯಿರಿ. ಟೇಪ್ ಇದೆ’ ಎಂದರು. ಅಷ್ಟೇ. ಹೇಗಾಯಿತು ಎಂದು ಆ ರಾತ್ರಿ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತು ಬಂದದ್ದು ಅವರಿಗೆ ಗೊತ್ತು.

ಟೇಪ್ ನಿಧಾನ. ಬೆಳಗಿನ ನಾಲ್ಕೂವರೆಯವರೆಗೆ ಓಡಿತು. ಮುಗಿಯಿತೆಂದು ನಾನು ಎದ್ದರೆ ಅವರು ಏಳಲಿಲ್ಲ. ಶುಕ್ರವಾರವೇ ತಯಾರಿಸಿಟ್ಟಿದ್ದ ಎಸ್‌ಎಚ್‌ಎ-256 ಪಟ್ಟಿಯೊಡನೆ (ಪ್ರತಿ ಫೈಲಿನ ಒಳಗಿನದರಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಕೇತಗಳ ಪಟ್ಟಿ) ಒಂದೊಂದು ಫೈಲನ್ನೂ ಹೋಲಿಸಿದರು. ಗಾತ್ರ ಸರಿಯಿದ್ದ ಮಾತ್ರಕ್ಕೆ ಒಳಗಿನದು ಸರಿಯಿರಬೇಕೆಂದಿಲ್ಲ ಎನ್ನುವುದು ಅವರ ಹಟ. ಹನ್ನೊಂದು ಫೈಲುಗಳು ಹೊಂದಲಿಲ್ಲ. ಅವನ್ನು ಮತ್ತೆ ತೆಗೆದರು. ಯಾವ ಫೋಲ್ಡರ್ ಯಾರಿಗೆ ತೆರೆಯಬೇಕು, ಯಾರಿಗೆ ತೆರೆಯಬಾರದು ಎಂಬ ಅನುಮತಿಗಳನ್ನೂ ನೋಡಿ ಮುಗಿಸುವ ಹೊತ್ತಿಗೆ ಬಿಸಿಲೇರಿತ್ತು.

ಸೋಮವಾರ ಬೆಳಿಗ್ಗೆ ನೀವೆಲ್ಲ ಬಂದು ಫೈಲ್ ತೆರೆದಿರಿ, ತೆರೆಯಿತು. ಅಲ್ಲಿ ಏನು ನಡೆದಿತ್ತೆಂದು ಯಾರಿಗೂ ತಿಳಿಯಲಿಲ್ಲ. ನನಗೆ ಅದನ್ನು ಮುಚ್ಚಿಟ್ಟುಕೊಳ್ಳಲು ಆಗುತ್ತಿಲ್ಲ. ಈಗ ಯಾವ ಆಜ್ಞೆಯನ್ನಾದರೂ ಮೊದಲು ಪಟ್ಟಿ ಮಾತ್ರ ತೋರಿಸುವಂತೆ ಓಡಿಸಿ, ಇನ್ನೊಬ್ಬರಿಂದ ಓದಿಸಿ, ಆಮೇಲೆ ಎಂಟರ್ ಒತ್ತುತ್ತೇನೆ.

ಮೇಡಂ, ನಾಳೆ ಹನ್ನೊಂದು ಗಂಟೆಗೆ ಸರ್ವರ್ ಕೋಣೆಗೆ ಬನ್ನಿ. ಸ್ವಿಚ್ ನೀವೇ ಆರಿಸಬೇಕು.