ಕೆಂಪು ಪ್ಯಾಂಟಿನವನಿಗೆ

ಲೋ ಕುಳ್ಳ,

ಹೇಗಿದ್ದೀಯಾ ಅಂತ ಕೇಳುವುದಿಲ್ಲ. ವಾಟ್ಸಾಪ್ ಸ್ಟೇಟಸ್ ನೋಡಿದರೆ ಗೊತ್ತಾಗುತ್ತದೆ, ಹೊಟ್ಟೆ ಬಂದಿದೆ. ಈ ಪತ್ರವನ್ನು ನಿನಗೇ ಕಳಿಸಬಹುದಿತ್ತು. ಆದರೆ ನೀನು ಉದ್ದದ ಮೆಸೇಜ್ ಓದುವುದಿಲ್ಲ, ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ನಾಲ್ಕು ಜನರ ಮುಂದೆ ಹಾಕಿದರೆ ಮರ್ಯಾದೆಗಾದರೂ ಓದುತ್ತೀಯ ಅಂತ ಇಲ್ಲಿ ಹಾಕುತ್ತಿದ್ದೇನೆ.

(ಉಳಿದವರು ಈ ಸಾಲು ಬಿಟ್ಟು ಮುಂದೆ ಹೋಗಿ. ಬಾಳೆಕಾಯಿ ಮೇಷ್ಟ್ರು ಮೊನ್ನೆ ಗಾಂಧಿ ಬಜಾರಲ್ಲಿ ಸಿಕ್ಕಿದ್ದರು. ಕೊಡೆ ಎಲ್ಲಿ ಅಂತ ಕೇಳಿದರು.)

"ನಲವತ್ತಾಯ್ತಲ್ಲೋ, ಇನ್ನೂ ಗೇಮ್ ಆಡ್ತೀಯಾ?" ಅಂತ ಹೋದ ಸಲ ನೀನು ಕೇಳಿದ್ದೆ. ಆಡುತ್ತೇನೆ. ಮಗಳು ಮಲಗಿದ ಮೇಲೆ, ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಳ್ಳನ ಥರ. ರೆಡ್ ಡೆಡ್ ರಿಡೆಂಪ್ಷನ್ 2 ಅಂತ ಒಂದಿದೆ, 2018ರದ್ದು. ಡೌನ್‌ಲೋಡೇ 100 ಜಿಬಿಗಿಂತ ಜಾಸ್ತಿ. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಅದರಲ್ಲಿ ಕುದುರೆ ಮೈಗೆ ಕೆಸರು ಮೆತ್ತುತ್ತದೆ. ಮೆತ್ತಿದರೆ ಬ್ರಷ್ ಹಿಡಿದು ಉಜ್ಜಬೇಕು. ಹಗಲೆಲ್ಲ ಆಫೀಸಲ್ಲಿ ಕತ್ತೆ ಚಾಕರಿ, ರಾತ್ರಿ ಕುದುರೆ ಚಾಕರಿ.

ನಮ್ಮ ಮಾರಿಯೋ ಇಡೀ ಗೇಮ್ 40 ಕೆಬಿ ಕಣೋ. ನಿಮ್ಮ ಮಾವ ದಿನಾ ಕಳಿಸುವ ಗುಡ್ ಮಾರ್ನಿಂಗ್ ಹೂವಿನ ಫೋಟೋ ಅದಕ್ಕಿಂತ ದೊಡ್ಡದು. 1985ರಲ್ಲಿ ಜಾಗ ಉಳಿಸೋಕೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಇಟ್ಟಿದ್ದರಂತೆ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ದೀಪಾವಳಿಗೆ ಒಂದೇ ಥಾನಿನಲ್ಲಿ ಅಣ್ಣ ತಮ್ಮಂದಿರಿಗೆಲ್ಲ ಅಂಗಿ ಹೊಲಿಸುತ್ತಿದ್ದರಲ್ಲ, ಹಾಗೆ. ಅಷ್ಟು ವರ್ಷ ಕಣ್ಣು ಕೀಲಿಸಿ ನೋಡಿದೆವು, ಇಬ್ಬರಿಗೂ ಹೊಳೆಯಲಿಲ್ಲ. ಅದರಲ್ಲಿ ಸೇವ್ ಅನ್ನುವುದೇ ಇರಲಿಲ್ಲ. ಎಂಟನೇ ವರ್ಲ್ಡಿಗೆ ಹೋದ ದಿನವೇ ಕರೆಂಟ್ ಹೋಗಬೇಕೇ? "ದೇವ್ರೇ ಆರಿಸಿದ್ದು, ಎದ್ದು ಓದ್ಕೊಳ್ಳಿ" ಅಂದ ನಿಮ್ಮಜ್ಜಿ ಮುಖ ನೆನಪಿದೆಯಾ?

ಈಗ ಎಲ್ಡನ್ ರಿಂಗ್ ಹಿಡಿದಿದ್ದೇನೆ. 2022ರಲ್ಲಿ ಬಂದಿದ್ದು, ನಾನು ನಿಧಾನ. ಮಾರ್ಗಿಟ್ ಅನ್ನುವ ಬಾಸ್, ಅಂದರೆ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರು, ಅವನ ಕೈಲಿ ಎಷ್ಟು ಸಲ ಸತ್ತೆ ಅಂತ ಹೇಳಿದರೆ ನಗುತ್ತೀಯ, ಹೇಳುವುದಿಲ್ಲ. ಈ ಗೇಮಿನಲ್ಲಿ ಆಡುವವರು ನೆಲದ ಮೇಲೆ ಚೀಟಿ ಬರೆದಿಟ್ಟು ಹೋಗಬಹುದು, ಬೇರೆಯವರಿಗೆ ಅದು ಕಾಣುತ್ತದೆ. ಒಂದು ಬಂಡೆ ತುದಿಯಲ್ಲಿ ಯಾವನೋ ಪುಣ್ಯಾತ್ಮ "ಜಿಗಿದು ನೋಡು" ಅಂತ ಬರೆದಿದ್ದ. ಜಿಗಿದೆ. ಕೆಳಗೆ ಪ್ರಪಾತ. ಒಬ್ಬನೇ ಕೂತು ಜೋರಾಗಿ ನಕ್ಕೆ. ನಕ್ಕವನಿಗೆ ಇದ್ದಕ್ಕಿದ್ದಂತೆ ನಾವಿಬ್ಬರೂ ಒಟ್ಟಿಗೆ ಆಡುತ್ತಿದ್ದ ಕಾಂಟ್ರಾ ಗೇಮಿನ ಜಲಪಾತ ನೆನಪಾಯಿತು.

ಹನುಮಂತನಗರದ ನಿಮ್ಮ ಮಹಡಿ ರೂಮು. ನ್ಯಾಷನಲ್ ಮಾರ್ಕೆಟ್ಟಿಂದ ತಂದ ಹಳದಿ ಕ್ಯಾಸೆಟ್ಟು, ಮೇಲೆ 9999 ಗೇಮ್ ಅಂತ ಬರೆದಿತ್ತು, ಒಳಗಿದ್ದದ್ದು ಏಳೋ ಎಂಟೋ. ನೀನು ಊದುತ್ತಿದ್ದೆ, ನಾನು ತೊಡೆಗೆ ಒರೆಸಿ ಹಾಕುತ್ತಿದ್ದೆ. ಟಿವಿ ಗೇಮ್ ನಿಮ್ಮದು, ಆದರೂ ಮೊದಲನೇ ರಿಮೋಟ್ ಯಾವಾಗಲೂ ನನ್ನ ಕೈಲಿ. ನಾನು ನೀಲಿ ಪ್ಯಾಂಟು, ನೀನು ಕೆಂಪು. ಮೂರೇ ಲೈಫು. ಮೇಲೆ ಮೇಲೆ ಕೆಳಗೆ ಕೆಳಗೆ ಅಂತ ಒತ್ತಿದರೆ 30 ಲೈಫ್ ಸಿಗುವ ಗುಟ್ಟು ನಮಗೆ ಗೊತ್ತಿರಲಿಲ್ಲ. ಆ ಗುಟ್ಟನ್ನು ಮೊದಲು ಮಾಡಿದ ಜಪಾನಿನ ಹಶಿಮೊಟೊ, ಗ್ರೇಡಿಯಸ್ ಅನ್ನುವ ಗೇಮನ್ನು ಮನೆಯ ಟಿವಿ ಗೇಮಿಗೆ ತಂದು ಪರೀಕ್ಷೆ ಮಾಡುವಾಗ ಗೆಲ್ಲಲಾಗದೆ ಹೀಗೊಂದು ಕಳ್ಳದಾರಿ ಇಟ್ಟುಕೊಂಡನಂತೆ. ದೊಡ್ಡ ಮನುಷ್ಯ. ಒಪ್ಪಿಕೊಂಡ.

ಮೂರನೇ ಸ್ಟೇಜಿನಲ್ಲಿ ಪರದೆ ಅಡ್ಡಕ್ಕೆ ಹೋಗುವುದಿಲ್ಲ, ಮೇಲಕ್ಕೆ ಹೋಗುತ್ತದೆ. ಮೇಲಿನವನು ಹಾರಿದರೆ ಪರದೆಯೂ ಅವನ ಹಿಂದೆ ಏರುತ್ತದೆ. ಕೆಳಗಿನ ಕಲ್ಲಿನ ಮೇಲೆ ನಿಂತವನು ಅಂಚಿನಾಚೆ ಉಳಿದು ಸಾಯುತ್ತಾನೆ. ಗುಂಡು ಬೇಡ, ಶತ್ರು ಬೇಡ. ನೀನು ಪ್ರತಿಸಲ ಅಲ್ಲೇ ಸಾಯುತ್ತಿದ್ದೆ. "ನೋಡ್ಲಿಲ್ಲ ಕಣೋ" ಅಂತ ಪ್ರತಿಸಲ ನಾನು ಹೇಳುತ್ತಿದ್ದೆ.

ನೋಡುತ್ತಿದ್ದೆ ಕಣೋ. ನಿನ್ನ ಹತ್ತಿರ ಗುಂಡು ಹರಡಿ ಹಾರಿಸುವ ಎಸ್ ಗನ್ ಇದ್ದಾಗಲಂತೂ ಕಾದು ಹಾರುತ್ತಿದ್ದೆ. ನೀನು ನನಗಿಂತ ಚೆನ್ನಾಗಿ ಆಡುತ್ತಿದ್ದೆ, ಬಾಸ್ ಹತ್ತಿರ ಇಬ್ಬರೂ ಹೋದರೆ ಕೊನೇ ಏಟು ನಿನ್ನದೇ ಆಗುತ್ತಿತ್ತು.

ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಬೆರಳು ನಿಲ್ಲುತ್ತಿಲ್ಲ. 2009ರಲ್ಲಿ, ಎಲ್ಲ ಕಡೆ ಕೆಲಸದಿಂದ ತೆಗೆಯುತ್ತಿದ್ದ ಹೊತ್ತಿನಲ್ಲಿ, ನೀನು ನಿನ್ನ ರೆಸ್ಯೂಮೆ ನನಗೆ ಕಳಿಸಿದ್ದೆ. "ಎಚ್‌ಆರ್‌ಗೆ ಕೊಟ್ಟಿದ್ದೀನಿ, ಅವರೇ ಏನೂ ಹೇಳ್ತಿಲ್ಲ" ಅಂತ ನಾನು ಅಂದಿದ್ದೆ. ಕೊಟ್ಟಿರಲಿಲ್ಲ. ನಮ್ಮ ಟೀಮಿನಲ್ಲೇ ಒಂದು ಜಾಗ ಖಾಲಿ ಇತ್ತು. ನಿನ್ನ ಮೇಲ್ ಹಾಗೇ ಇನ್‌ಬಾಕ್ಸಿನಲ್ಲಿತ್ತು, ದಿನಾ ಕಾಣುತ್ತಿತ್ತು. ನಾನು ಒಂದೊಂದೇ ಹೊಸ ಮೇಲ್ ಓದುತ್ತಾ ಹೋದೆ, ಅದು ಕೆಳಗೆ ಇಳಿಯುತ್ತಾ ಹೋಯಿತು. ಒಂದು ದಿನ ಪರದೆ ದಾಟಿತು. ನೀನು ಆ ವರ್ಷ ಎಂಟು ತಿಂಗಳು ಮನೆಯಲ್ಲಿ ಕೂತಿದ್ದೆ. ನಿಮ್ಮಮ್ಮ ನನ್ನನ್ನು ಕೂರಿಸಿ ಒಬ್ಬಟ್ಟು ಹಾಕಿ, "ನೀನಾದ್ರೂ ಪ್ರಯತ್ನ ಪಟ್ಟೆಯಲ್ಲಪ್ಪ" ಅಂದಿದ್ದರು. ಎರಡನೇ ಸಲವೂ ಬಡಿಸಿಕೊಂಡೆ.

ಅಯ್ಯೋ, ನಾನು ಬರೆಯೋಕೆ ಕೂತಿದ್ದು ಕುದುರೆ ಬಗ್ಗೆ. ಲೈಕ್ ಒತ್ತುತ್ತಿರುವವರೇ, ಸ್ವಲ್ಪ ತಡೆಯಿರಿ, ಅವನು ಮೊದಲು ಓದಲಿ. ಕುಳ್ಳ, ಬೈಯುವುದಿದ್ದರೆ ಇಲ್ಲಿ ಬೇಡ, ಫೋನ್ ಮಾಡಿ ಬೈ. ಇಲ್ಲಿ ನಮ್ಮ ಮ್ಯಾನೇಜರ್ ಇದ್ದಾರೆ.

ಇಟ್ ಟೇಕ್ಸ್ ಟು ಅಂತ ಒಂದು ಗೇಮ್ ಇದೆ, 2021ರದ್ದು. ಒಬ್ಬನೇ ಆಡೋಕೆ ಬಿಡುವುದೇ ಇಲ್ಲ. ಒಬ್ಬರು ಕೊಂಡರೆ ಸಾಕು, ಜೊತೆಗಾರನಿಗೆ ಪಾಸ್ ಫ್ರೀ. ಪರದೆ ಎರಡು ಹೋಳು, ನಾನೆಲ್ಲಿಗೆ ಹಾರಿದರೂ ನಿನ್ನ ಹೋಳು ನಿನ್ನದೇ. ನೀನು ಯಲಹಂಕ, ನಾನು ಎಲೆಕ್ಟ್ರಾನಿಕ್ ಸಿಟಿ. ಗಾಡಿಯಲ್ಲಿ ಬಂದರೆ ಒಂದು ಹೊತ್ತಿನ ಊಟ ದಾರಿಯಲ್ಲೇ ಆಗಬೇಕು, ಇಂಟರ್ನೆಟ್ಟಲ್ಲಿ ಕಣ್ಣು ಮಿಟುಕಿಸುವುದರೊಳಗೆ ತಲುಪುತ್ತೀಯ. ನಾನಂತೂ ಕೊಂಡಾಗಿದೆ. ಕಥೆ ಮಾತ್ರ ವಿಚ್ಛೇದನಕ್ಕೆ ನಿಂತ ಗಂಡ ಹೆಂಡತಿಯದು. ಗಂಡ ಮಣ್ಣಿನ ಗೊಂಬೆ, ಹೆಂಡತಿ ಮರದ ಗೊಂಬೆ. ಮೊದಲು ನೀನೇ ಆರಿಸಿಕೋ. ಹೆಂಡತಿ ಆಗು ಅಂದರೆ ಆಗುತ್ತೇನೆ.

ಶನಿವಾರ ರಾತ್ರಿ ಹತ್ತಕ್ಕೆ?

ಇಂತಿ,
ನೀಲಿ ಪ್ಯಾಂಟು

ತಾ.ಕ.: ಕೊಡೆ ನನ್ನ ಹತ್ತಿರ ಇಲ್ಲ. ಇದು ನಿಜವಾಗಿಯೂ ನಿಜ.